ನಿಲ್ದಾಣದ ಗೋಡೆಗೊಂದು ಚಿತ್ರಸರಣಿ: ವಲಸೆಯನ್ನು ಮಗುವಿನ ಕಲ್ಪನೆಯಲ್ಲಿ ಹೇಳುವ ಬಗೆ

ಗ್ಯಾಲರಿಗೆ ಬರುವವರು ಚಿತ್ರ ನೋಡಲೆಂದೇ ಬರುತ್ತಾರೆ. ನಿಲ್ದಾಣಕ್ಕೆ ಬರುವವರು ಎಲ್ಲಿಗೋ ಹೋಗಲೆಂದು ಬರುತ್ತಾರೆ. ಮೆಟ್ರೊ ಪ್ಲಾಟ್‌ಫಾರಂ, ರೈಲು ನಿಲ್ದಾಣ, ಬಸ್ ತಂಗುದಾಣಗಳ ಗೋಡೆಗಾಗಿ ಛಾಯಾಚಿತ್ರ ಸರಣಿಯನ್ನು ರೂಪಿಸುವವರು ಈ ಸಂಗತಿಯನ್ನು ಕೊನೆಯವರೆಗೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ವಸ್ತು ವಲಸೆಯಾಗಿದ್ದರೆ ಇದರ ಮಹತ್ವ ಇನ್ನೂ ಹೆಚ್ಚು, ಏಕೆಂದರೆ ಅದೇ ಗೋಡೆಯ ಮುಂದೆ ನಿಂತವರಲ್ಲಿ ಊರು ಬಿಟ್ಟು ಬಂದವರೂ ಇರುತ್ತಾರೆ. ತಮ್ಮ ಬದುಕನ್ನು ಯಾರೋ ಮರುಕದಿಂದ ದೊಡ್ಡದಾಗಿ ಅಚ್ಚು ಹಾಕಿಸಿ ತೂಗುಹಾಕಿರುವುದನ್ನು ದಿನವೂ ನೋಡುತ್ತಾ ಕೆಲಸಕ್ಕೆ ಹೋಗುವುದು ಅವರಿಗೆ ಹಿತವೆನಿಸುವ ವಿಷಯವಲ್ಲ. ಇಲ್ಲಿ ಸೂಚಿಸುವ ದಾರಿ ಬೇರೆ: ಊರಿಂದೂರಿಗೆ ಬಂದ ಮಗು ತನ್ನ ಪಯಣವನ್ನು ಯಾವ ಕಲ್ಪನೆಯಿಂದ ಅರ್ಥ ಮಾಡಿಕೊಂಡಿತೋ ಆ ಕಲ್ಪನೆಗೇ ಚಿತ್ರದ ಯಜಮಾನಿಕೆಯನ್ನು ಬಿಟ್ಟುಕೊಟ್ಟು, ಛಾಯಾಗ್ರಾಹಕರು ಅದನ್ನು ಸಾಕಾರಗೊಳಿಸುವ ಕುಶಲಕರ್ಮಿಯಾಗಿ ನಿಲ್ಲುವುದು.

ಈ ದಾರಿಯಲ್ಲಿ ಮೊದಲೇ ನಡೆದವರಿದ್ದಾರೆ. ಸ್ಟಾಕ್‌ಹೋಮ್ ಮೆಟ್ರೊದ ಹಾಲೊನ್‌ಬೆರ್ಯೆನ್ ನಿಲ್ದಾಣವನ್ನು 1975ರಲ್ಲಿ ತೆರೆದಾಗ, ಅದರ ಬಿಳಿ ಗೋಡೆಗಳನ್ನು ಕಲಾವಿದರು ಮಕ್ಕಳು ಗೀಚುವ ಬಗೆಯ ರೇಖೆಗಳಿಂದಲೇ ತುಂಬಿದ್ದರು. ನ್ಯೂಯಾರ್ಕಿನ ಸಾರಿಗೆ ಸಂಸ್ಥೆ 1985ರಲ್ಲಿ ಆರಂಭಿಸಿದ ಕಲಾ ವಿಭಾಗವು ಭೂಗತ ನಿಲ್ದಾಣಗಳ ಲೈಟ್‌ಬಾಕ್ಸುಗಳಲ್ಲಿ (ಚಿತ್ರವನ್ನು ಹಿಂದಿನಿಂದ ಬೆಳಗುವ ದೀಪದ ಡಬ್ಬಿಗಳಲ್ಲಿ) ಛಾಯಾಚಿತ್ರಗಳನ್ನೇ ಪ್ರದರ್ಶಿಸುವ ಕಾರ್ಯಕ್ರಮವನ್ನು ನಡೆಸಿಕೊಂಡು ಬಂದಿದೆ. ಲಂಡನ್ ಭೂಗತ ರೈಲಿನ ಕಲಾ ಕಾರ್ಯಕ್ರಮ 2000ದಲ್ಲಿ ಶುರುವಾದಾಗ ಗ್ಲಾಸ್ಟರ್ ರೋಡ್ ನಿಲ್ದಾಣದ ಬಳಕೆಯಲ್ಲಿಲ್ಲದ ಪ್ಲಾಟ್‌ಫಾರಂ ಅದರ ಮುಖ್ಯ ತಾಣವಾಯಿತು. ನಿಲ್ದಾಣದ ಹೊರಗಿನದಾದರೂ ನಮ್ಮ ವಿಷಯಕ್ಕೆ ಇವೆಲ್ಲಕ್ಕಿಂತ ಹತ್ತಿರದ ಮಾದರಿ ಅಮೆರಿಕದ ಛಾಯಾಗ್ರಾಹಕಿ ವೆಂಡಿ ಇವಾಲ್ಡ್ ಅವರದು. 2005ರ ಹೊತ್ತಿಗೆ ಇಂಗ್ಲೆಂಡಿನ ಮಾರ್ಗೇಟ್ ಎಂಬ ಕಡಲತಡಿಯ ಊರಿನಲ್ಲಿ, ಬೇರೆ ಬೇರೆ ಕಡೆಗಳಿಂದ ಬಂದು ಸೇರಿದ್ದ ಮಕ್ಕಳಿಗೆ ಅವರು ಕ್ಯಾಮೆರಾ ಬಳಸುವುದನ್ನು ಕಲಿಸಿದರು. ಮಕ್ಕಳ ಭಾವಚಿತ್ರಗಳನ್ನೂ ಅವರು ಜೊತೆಗೆ ತಂದಿದ್ದ ವಸ್ತುಗಳ ಚಿತ್ರಗಳನ್ನೂ ದೊಡ್ಡ ಬ್ಯಾನರುಗಳಾಗಿ ಕಡಲ ತಡೆಗೋಡೆಯ ಮೇಲೆ ತೂಗುಹಾಕಲಾಯಿತು. ಮಗು ಬರೀ ಚಿತ್ರದ ವಸ್ತುವಾಗದೆ ಚಿತ್ರದ ಕರ್ತೃವೂ ಆಗುತ್ತದೆ ಎಂಬುದೇ ಆ ಕೆಲಸದಿಂದ ಎರವಲು ತರಬೇಕಾದ ಅಂಶ.

ಕ್ಯಾಮೆರಾಕ್ಕಿಂತ ಮೊದಲು ಗೋಡೆ

ಚಿತ್ರ ತೆಗೆದ ಮೇಲೆ ಜಾಗ ಹುಡುಕುವುದು ತಲೆಕೆಳಗಾದ ಕ್ರಮ. ಯಾವ ಗೋಡೆ ಎಂಬುದು ಮೊದಲು ತಿಳಿದಿರಬೇಕು, ಏಕೆಂದರೆ ನೋಡುಗನಿಗೆ ಸಿಗುವ ಸಮಯವನ್ನು ಗೋಡೆಯೇ ನಿರ್ಧರಿಸುತ್ತದೆ. ಎಸ್ಕಲೇಟರ್ ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧ ಮೀಟರಿನಷ್ಟು ಸಾಗುತ್ತದೆ. ಅದರ ಪಕ್ಕದಲ್ಲಿ ಎರಡು ಮೀಟರ್ ಅಗಲದ ಚಿತ್ರವಿದ್ದರೆ ಅದನ್ನು ಹಾದುಹೋಗಲು ನಾಲ್ಕೇ ಸೆಕೆಂಡು ಹಿಡಿಯುತ್ತದೆ. ಪ್ಲಾಟ್‌ಫಾರಮ್ಮಿನಲ್ಲಿ ಕಾಯುವವರಿಗೆ ಕೆಲವು ನಿಮಿಷಗಳ ಬಿಡುವಿರುತ್ತದೆ, ಬಸ್ ತಂಗುದಾಣದಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಎಸ್ಕಲೇಟರಿನ ಗೋಡೆಗೆ ಒಂದೇ ಆಕಾರ, ಒಂದೇ ಅಚ್ಚರಿ ಇರುವ ಚಿತ್ರಗಳನ್ನೂ, ಪ್ಲಾಟ್‌ಫಾರಮ್ಮಿಗೆ ಎರಡನೆಯ ನೋಟಕ್ಕೆ ಮಾತ್ರ ಕಾಣುವ ಸಂಗತಿಗಳನ್ನು ಅಡಗಿಸಿಕೊಂಡ ಚಿತ್ರಗಳನ್ನೂ ಮೀಸಲಿಡುವುದು ಒಳ್ಳೆಯದು.

ಗೋಡೆಯನ್ನು ಬೆಳಗಿನ ನೂಕುನುಗ್ಗಲಿನಲ್ಲಿ ಒಮ್ಮೆ, ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ನೋಡಬೇಕು. ಜನಸಂದಣಿ ಇರುವಾಗ ಗೋಡೆಯ ಕೆಳಗಿನ ಅರ್ಧ ಕಾಣುವುದೇ ಇಲ್ಲ. ಆದರೆ ಐದು ವರ್ಷದ ಮಗುವಿನ ಕಣ್ಣಿರುವುದು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿ, ಗಾಲಿಕುರ್ಚಿಯಲ್ಲಿ ಕುಳಿತವರ ಕಣ್ಣು ಅದಕ್ಕಿಂತ ತುಸು ಮೇಲೆ. ಬಾಲ್ಯದ ಕಲ್ಪನೆಯ ಬಗೆಗಿನ ಸರಣಿ ದೊಡ್ಡವರ ಕಣ್ಣಿಗೆ ಮಾತ್ರ ಎಟುಕುವಂತಿದ್ದರೆ ಅದೊಂದು ವಿಚಿತ್ರ ವ್ಯಂಗ್ಯವಾಗುತ್ತದೆ. ಒಂದೆರಡು ಚಿತ್ರಗಳನ್ನಾದರೂ ಬೇಕೆಂದೇ ಕೆಳಗೆ ಇಡಬಹುದು.

ಅನುಮತಿಯ ಮಾತೂ ಈ ಹಂತದ್ದೇ. ಸಾರಿಗೆ ಸಂಸ್ಥೆಗೆ ಕಲಾ ವಿಭಾಗವಿದ್ದರೆ ಅರ್ಜಿ ಅಲ್ಲಿಗೆ, ಇಲ್ಲದಿದ್ದರೆ ಜಾಹೀರಾತು ಜಾಗಗಳನ್ನು ನೋಡಿಕೊಳ್ಳುವ ವಿಭಾಗಕ್ಕೆ. ಚಿತ್ರ ತೆಗೆಯಲು ಒಂದು ಅನುಮತಿ, ತೂಗುಹಾಕಲು ಇನ್ನೊಂದು ಅನುಮತಿ ಎಂಬುದನ್ನು ಮರೆಯಬಾರದು. ತುರ್ತು ನಿರ್ಗಮನದ ಫಲಕವನ್ನು ಮರೆಮಾಡುವ, ದಿಕ್ಕು ತೋರಿಸುವ ಬಾಣಗಳನ್ನು ಹೋಲುವ, ಚಾಲಕರ ಕಣ್ಣಿಗೆ ಸಿಗ್ನಲ್ಲಿನಂತೆ ಕಾಣಬಹುದಾದ ದೊಡ್ಡ ಕೆಂಪು ಅಥವಾ ಹಸಿರು ಬೆಳಕಿನ ಚಿತ್ರಗಳಿಗೆ ಆಕ್ಷೇಪ ಬರುವುದು ಸಹಜ. ಅವನ್ನು ಮೊದಲೇ ಕೈಬಿಟ್ಟರೆ ಸಮಯ ಉಳಿಯುತ್ತದೆ.

ಮಕ್ಕಳ ಜೊತೆಗಿನ ಕೆಲಸ

ಇಡೀ ಯೋಜನೆಯಲ್ಲಿ ಹೆಚ್ಚು ಕಾಲ ಕೊಡಬೇಕಾದದ್ದು ಇದಕ್ಕೆ. ಕ್ಯಾಮೆರಾವನ್ನು ಹೊರತೆಗೆಯದೆಯೇ ಕೆಲವು ಭೇಟಿಗಳು ಕಳೆಯಲಿ. ಆ ಭೇಟಿಗಳಲ್ಲಿ ಕೇಳುವ ಪ್ರಶ್ನೆಗಳು ಹೇಗಿರುತ್ತವೆಯೋ ಚಿತ್ರಗಳೂ ಹಾಗೆಯೇ ಆಗುತ್ತವೆ. ‘ನಿನಗೆ ಏನು ಕಳೆದುಹೋಯಿತು’, ‘ಭಯವಾಯಿತೇ’ ಎಂದು ಕೇಳಿದರೆ ಮಗು ಒಂದೋ ಮೌನವಾಗುತ್ತದೆ, ಇಲ್ಲವೇ ದೊಡ್ಡವರಿಗೆ ಬೇಕಾದ ಉತ್ತರವನ್ನು ಒಪ್ಪಿಸುತ್ತದೆ. ನಿಜಕ್ಕೂ ಆಘಾತ ಅನುಭವಿಸಿದ ಮಗುವಾಗಿದ್ದರೆ ಅಂಥ ಪ್ರಶ್ನೆಯಿಂದ ಹಾನಿಯೂ ಆದೀತು. ಅದರ ಬದಲು ಪಯಣದ ಯಂತ್ರದ ಬಗ್ಗೆ, ದಾರಿಯ ಬಗ್ಗೆ, ಚೀಲದ ಬಗ್ಗೆ ಕೇಳಬೇಕು. ‘ನೀನು ಬಂದ ಬಸ್ಸಿಗೆ ಇನ್ನೊಂದು ಬಾಗಿಲಿದ್ದಿದ್ದರೆ ಅದು ಎಲ್ಲಿ ತೆರೆಯುತ್ತಿತ್ತು?’ ‘ಈ ರೈಲನ್ನು ಎಂಜಿನ್ ಅಲ್ಲದೆ ಬೇರೆ ಯಾರಾದರೂ ಎಳೆಯುವುದಾದರೆ ಯಾರು?’ ‘ಚೀಲದಲ್ಲಿ ಹಿಡಿಯದೇ ಇದ್ದದ್ದನ್ನು ಎಲ್ಲಿ ಇಟ್ಟು ಬಂದೆ?’ ಈ ಕೊನೆಯ ಪ್ರಶ್ನೆಯಲ್ಲಿ ಕಳೆದುಕೊಂಡದ್ದರ ಮಾತೂ ಇದೆ, ಆದರೆ ಅದನ್ನು ಎತ್ತುವುದೋ ಬಿಡುವುದೋ ಮಗುವಿನ ಇಷ್ಟಕ್ಕೆ ಸೇರಿದ್ದು.

ಉತ್ತರಗಳು ಮಾತಿನಲ್ಲೇ ಬರಬೇಕೆಂದಿಲ್ಲ. ಕೆಲವರು ಬರೆಯುತ್ತಾರೆ, ಕೆಲವರು ಕತ್ತರಿಸಿ ಅಂಟಿಸುತ್ತಾರೆ, ಕೆಲವರು ಕುರ್ಚಿಗಳನ್ನು ಸಾಲಾಗಿ ಜೋಡಿಸಿ ತಾವೇ ಕಂಡಕ್ಟರ್ ಆಗುತ್ತಾರೆ. ಆ ಸಾಲುಕುರ್ಚಿಯ ಆಟವನ್ನು ಗಮನವಿಟ್ಟು ನೋಡಬೇಕು: ಯಾರಿಗೆ ಟಿಕೆಟ್ ಸಿಗುತ್ತದೆ, ಯಾರನ್ನು ಇಳಿಸಲಾಗುತ್ತದೆ, ಯಾವ ನಿಲ್ದಾಣದ ಹೆಸರನ್ನು ಕೂಗಲಾಗುತ್ತದೆ ಎಂಬುದರಲ್ಲಿ ಸಂದರ್ಶನದಲ್ಲಿ ಸಿಗದ ಎಷ್ಟೋ ಸಂಗತಿಗಳಿರುತ್ತವೆ. ಮಕ್ಕಳ ಕೈಗೆ ಸರಳವಾದ ಕ್ಯಾಮೆರಾ ಅಥವಾ ಹಳೆಯ ಫೋನ್ ಕೊಟ್ಟರೆ ಅವರ ಎತ್ತರದ ಲೋಕ ತಾನಾಗಿ ಬರುತ್ತದೆ. ಸೀಟಿನ ಹಿಂಭಾಗ, ದೊಡ್ಡವರ ಮೊಣಕಾಲು, ಚಾವಣಿಯ ದೀಪ, ಕೈಗೆಟುಕದ ಹಿಡಿಕೆ. ಆ ಚೌಕಟ್ಟುಗಳನ್ನು ನೇರ ಮಾಡಲು, ಕತ್ತರಿಸಿ ಅಂದಗೊಳಿಸಲು ಕೈ ತುರಿಸುತ್ತದೆ, ತಡೆದುಕೊಳ್ಳಬೇಕು.

ಕ್ಯಾಮೆರಾ ಇಲ್ಲದ ಒಂದು ವಿಧಾನವೂ ಇಲ್ಲಿ ಬಹಳ ಉಪಯುಕ್ತ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಸಯನೋಟೈಪ್ ಪದ್ಧತಿಯಲ್ಲಿ ಕಬ್ಬಿಣದ ಲವಣಗಳನ್ನು ಲೇಪಿಸಿದ ಕಾಗದದ ಮೇಲೆ ವಸ್ತುವನ್ನಿಟ್ಟು ಬಿಸಿಲಿಗೆ ಒಡ್ಡಿ, ಬಳಿಕ ನೀರಿನಲ್ಲಿ ತೊಳೆದರೆ, ಬೆಳಕು ಬಿದ್ದ ಕಡೆ ಗಾಢ ನೀಲಿಯೂ ವಸ್ತುವಿದ್ದ ಕಡೆ ಬಿಳಿ ನೆರಳೂ ಮೂಡುತ್ತದೆ. ಲೇಪನ ಮಾಡಿಯೇ ಇರುವ ಕಾಗದ ಸಿಗುವುದರಿಂದ ಮಕ್ಕಳು ರಾಸಾಯನಿಕಗಳನ್ನು ಬೆರೆಸುವ ಅಗತ್ಯವಿಲ್ಲ. ಊರಿನಿಂದ ತಂದ ಬೀಗದ ಕೈ, ಬಾಚಣಿಗೆ, ಮುರಿದ ಆಟಿಕೆ, ಹಳೆಯ ಟಿಕೆಟ್ ಇವುಗಳನ್ನು ಮಗುವೇ ಜೋಡಿಸಿ ನಕ್ಷೆಯೊಂದನ್ನು ಮಾಡಬಹುದು. ಬಣ್ಣ ಒಂದೇ ಆಗಿರುವುದರಿಂದ, ಬೇರೆ ಬೇರೆ ಮಕ್ಕಳ ಕೆಲಸವನ್ನು ಅಕ್ಕಪಕ್ಕ ಇಟ್ಟಾಗ ಗೋಡೆಯ ಮೇಲೆ ಏಕತೆ ತಾನಾಗಿ ಬರುತ್ತದೆ, ಮುಖವನ್ನು ತೋರಿಸದೆಯೇ ಮಗುವಿನ ಕಥೆ ಹೇಳಿದಂತೆಯೂ ಆಗುತ್ತದೆ.

ಮುಖದ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ವಾಕರ್ ಇವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕ್ ಸಬ್‌ವೇಯಲ್ಲಿ ಕೋಟಿನೊಳಗೆ ಕ್ಯಾಮೆರಾ ಅಡಗಿಸಿ, ಗುಂಡಿಗಳ ನಡುವಿನಿಂದ ಲೆನ್ಸ್ ಇಣುಕುವಂತೆ ಮಾಡಿ ಎದುರಿನ ಪ್ರಯಾಣಿಕರ ಚಿತ್ರಗಳನ್ನು ತೆಗೆದರು; ಆ ಚಿತ್ರಗಳು ಪುಸ್ತಕವಾಗಿ ಬಂದದ್ದು 1966ರಲ್ಲಿ. ಸಾರಿಗೆ ಛಾಯಾಗ್ರಹಣದ ಚರಿತ್ರೆಯಲ್ಲಿ ಆ ಚಿತ್ರಗಳಿಗೆ ದೊಡ್ಡ ಸ್ಥಾನವಿದೆ, ಆದರೆ ವಲಸೆ ಬಂದ ಮಕ್ಕಳ ವಿಷಯದಲ್ಲಿ ಆ ವಿಧಾನಕ್ಕೆ ಯಾವ ಸ್ಥಾನವೂ ಇಲ್ಲ. ಕುಟುಂಬವನ್ನು ಯಾರಾದರೂ ಹುಡುಕುತ್ತಿರಬಹುದು, ದಾಖಲೆಗಳ ವಿಚಾರಣೆ ನಡೆಯುತ್ತಿರಬಹುದು. 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಮಗುವಿಗೆ ತನ್ನ ಸಂಬಂಧದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನೂ, 13ನೆಯದು ಕಲೆಯ ಮೂಲಕವೂ ತನ್ನನ್ನು ವ್ಯಕ್ತಪಡಿಸಿಕೊಳ್ಳುವ ಹಕ್ಕನ್ನೂ, 16ನೆಯದು ಖಾಸಗಿತನದ ರಕ್ಷಣೆಯನ್ನೂ ಕೊಡುತ್ತದೆ. ಕಾರ್ಯರೂಪದಲ್ಲಿ ಇದರ ಅರ್ಥವಿಷ್ಟು: ಪೋಷಕರ ಲಿಖಿತ ಒಪ್ಪಿಗೆ ಅವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದರ ಜೊತೆಗೆ ಮಗುವಿನ ಒಪ್ಪಿಗೆಯನ್ನೂ ಪ್ರತ್ಯೇಕವಾಗಿ ಕೇಳಬೇಕು, ಚಿತ್ರ ಎಷ್ಟು ದೊಡ್ಡದಾಗಿ, ಎಲ್ಲಿ, ಎಷ್ಟು ದಿನ ಇರುತ್ತದೆ ಎಂಬುದನ್ನು ಗೋಡೆಯ ಬಳಿಗೇ ಕರೆದೊಯ್ದು ತೋರಿಸಬೇಕು, ಅಚ್ಚಿಗೆ ಹೋಗುವ ದಿನದವರೆಗೆ ಬೇಡವೆನ್ನುವ ಸ್ವಾತಂತ್ರ್ಯ ಉಳಿದಿರಬೇಕು. ಮಗು ತೆಗೆದ ಚಿತ್ರದ ಹಕ್ಕುಸ್ವಾಮ್ಯ ಬಹುತೇಕ ದೇಶಗಳಲ್ಲಿ ಮಗುವಿನದೇ, ಆದ್ದರಿಂದ ಬಳಕೆಗೆ ಪರವಾನಗಿಯನ್ನೂ ಬರೆಸಿಕೊಳ್ಳಬೇಕು. ಫೈಲುಗಳನ್ನು ಯಾರಿಗೇ ಕಳುಹಿಸುವ ಮೊದಲು ಅದರಲ್ಲಿ ಅಡಗಿರುವ ಸ್ಥಳದ ಮಾಹಿತಿಯನ್ನು ಅಳಿಸಬೇಕು.

ಚಲಿಸುವ ವಾಹನದೊಳಗೆ

ಮಗುವಿನ ಕಲ್ಪನೆ ಸಿಕ್ಕಿದ ಮೇಲೆ ಅದನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಮುಗಿಸಬಹುದು. ಆದರೆ ನಿಜವಾದ ಕಿಟಕಿ, ನಿಜವಾದ ಚಲನೆಯ ಎದುರು ಕಾಗದದ ಆಟಿಕೆಯೊಂದನ್ನು ಇಟ್ಟು ತೆಗೆದ ಚಿತ್ರಕ್ಕೆ ಬೇರೆಯೇ ತೂಕವಿದೆ ಎಂಬುದು ನನ್ನ ಅಭಿಪ್ರಾಯ. ಅದು ಆಟ ಎಂಬುದೂ ಕಾಣುತ್ತದೆ, ನಿಜ ಎಂಬುದೂ ಕಾಣುತ್ತದೆ. ಮಕ್ಕಳಿಗೆ ಈ ಎರಡರ ನಡುವೆ ತಕರಾರೇ ಇರುವುದಿಲ್ಲ.

ಒಂದು ಚಿತ್ರವನ್ನು ಕಟ್ಟುವ ಬಗೆಯನ್ನು ಹತ್ತಿರದಿಂದ ನೋಡೋಣ. ಬಸ್ಸಿನ ಹೊರಗೆ ಇದ್ದದ್ದೆಲ್ಲ ಕಡಲು, ತಮ್ಮ ಜೊತೆಗೆ ಒಂದು ಮೀನು ಈಜುತ್ತಾ ಬಂತು ಎಂದು ಮಗು ಹೇಳಿದೆ ಎಂದುಕೊಳ್ಳಿ. ಮೀನನ್ನು ಮಗುವೇ ಕತ್ತರಿಸಲಿ. ದಪ್ಪ ರಟ್ಟಿನಲ್ಲಿ ಕತ್ತರಿಸಿದರೆ ಹೊರಗಿನ ಬೆಳಕಿನ ಎದುರು ಅದು ಕಪ್ಪು ನೆರಳಾಗಿ ಬೀಳುತ್ತದೆ. ತೆಳುವಾದ ಬಣ್ಣದ ಕಾಗದದಲ್ಲಾದರೆ ಬೆಳಕು ಹಾದು ಬಂದು ಮೀನು ಒಳಗಿನಿಂದಲೇ ಹೊಳೆದಂತೆ ಕಾಣುತ್ತದೆ, ಕತ್ತರಿ ಜಾರಿದ ಕಡೆಯ ಒರಟು ಅಂಚು, ಮಡಚಿದ ಗುರುತು ಎಲ್ಲವೂ ತೋರುತ್ತವೆ. ಗಾಜಿಗೆ ಅಂಟಿನ ಗುರುತು ಉಳಿಯದಂತೆ ಹನಿ ನೀರಿನಿಂದ ಅಂಟಿಸಿದರೆ ಸಾಕು. ಕ್ಯಾಮೆರಾವನ್ನು ಮಗುವಿನ ಕಣ್ಣಿನ ಎತ್ತರಕ್ಕೆ ಇಳಿಸಿ, ಕಿಟಕಿಯಿಂದ ಒಂದು ಮೊಳ ದೂರದಲ್ಲಿ ಹಿಡಿದು, ಫೋಕಸನ್ನು ಕೈಯಿಂದಲೇ ಮೀನಿನ ಮೇಲೆ ನಿಲ್ಲಿಸಬೇಕು. ತಾನೇ ಫೋಕಸ್ ಮಾಡಲು ಬಿಟ್ಟರೆ ಅದು ಹೊರಗಿನ ಮರದ ಹಿಂದೆ ಓಡುತ್ತದೆ.

ಇನ್ನು ಶಟರ್ ವೇಗ, ಅಂದರೆ ಬೆಳಕಿಗಾಗಿ ಕ್ಯಾಮೆರಾ ತೆರೆದಿರುವ ಹೊತ್ತು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಸಾಗುವ ಬಸ್ಸು 1/15 ಸೆಕೆಂಡಿನಲ್ಲಿ ಮುಕ್ಕಾಲು ಮೀಟರಿನಷ್ಟು ಮುಂದೆ ಹೋಗಿರುತ್ತದೆ. ರಸ್ತೆಬದಿಯ ಗಿಡ, ಬೇಲಿ, ಗೋಡೆಗಳು ಅಷ್ಟರಲ್ಲಿ ಅಡ್ಡಗೆರೆಗಳಾಗಿ ಕರಗಿ ನೀರಿನಂತಾಗುತ್ತವೆ, ದೂರದ ಗುಡ್ಡ ಮಾತ್ರ ಹೆಚ್ಚು ಕದಲದೆ ಉಳಿಯುತ್ತದೆ. ಮೀನೂ ಕ್ಯಾಮೆರಾವೂ ಬಸ್ಸಿನ ಜೊತೆಗೇ ಸಾಗುವುದರಿಂದ ಮೀನು ಸ್ಪಷ್ಟವಾಗಿಯೇ ಇರುತ್ತದೆ. ಮೋಡ ಮುಸುಕಿದ ಹಗಲಿನಲ್ಲಿ ಐಎಸ್‌ಒ (ಬೆಳಕಿನ ಸಂವೇದನೆ) 100, ಎಫ್/16 (ಲೆನ್ಸಿನ ಕಿರಿದಾದ ಕಿಂಡಿ), 1/15 ಸೆಕೆಂಡು ಎಂಬ ಲೆಕ್ಕ ಸರಿಸುಮಾರು ಹೊಂದುತ್ತದೆ. ಬಿಸಿಲಿದ್ದರೆ ಬೆಳಕನ್ನು ಎಂಟು ಪಟ್ಟು ತಗ್ಗಿಸುವ ಬೂದು ಫಿಲ್ಟರ್ ಬೇಕಾಗುತ್ತದೆ. ರಸ್ತೆ ನಯವಾಗಿರುವ ಕಡೆ ಸಾಲಾಗಿ ಹಲವು ಚಿತ್ರಗಳನ್ನು ತೆಗೆದುಕೊಳ್ಳಬೇಕು, ಏಕೆಂದರೆ ಬಸ್ಸಿನ ನಡುಕ ಯಾವ ಕ್ಷಣದಲ್ಲಿ ನಿಲ್ಲುತ್ತದೆಂದು ಹೇಳಲಾಗದು.

ಗಾಜಿನ ಪ್ರತಿಬಿಂಬವನ್ನು ಶತ್ರುವೆಂದು ತಿಳಿಯಬೇಕಾಗಿಲ್ಲ. ಮುಸ್ಸಂಜೆಯಲ್ಲಿ, ಒಳಗಿನ ದೀಪವೂ ಹೊರಗಿನ ಬೆಳಕೂ ಸಮವಾಗುವ ಸ್ವಲ್ಪ ಹೊತ್ತಿನಲ್ಲಿ, ಕಿಟಕಿಯ ಮೇಲೆ ಒಳಗಿನ ಲೋಕವೂ ಹೊರಗಿನ ಊರೂ ಒಂದರ ಮೇಲೊಂದು ಬೀಳುತ್ತವೆ. ಎರಡು ಊರುಗಳಲ್ಲಿ ಏಕಕಾಲಕ್ಕೆ ಇರುವ ಮಗುವಿನ ಸ್ಥಿತಿಯನ್ನು ತೋರಿಸಲು ಇದಕ್ಕಿಂತ ಸರಳ ಉಪಾಯವಿಲ್ಲ, ಮುಖವೂ ಗುರುತು ಸಿಗದಷ್ಟು ಮಸುಕಾಗುತ್ತದೆ. ಪ್ರತಿಬಿಂಬ ಬೇಡವಾದಾಗ ಲೆನ್ಸಿನ ತುದಿಗೆ ಹಾಕುವ ರಬ್ಬರ್ ಹುಡ್ಡನ್ನು ಗಾಜಿಗೆ ಒತ್ತಿ ಹಿಡಿಯಬೇಕು. ಪ್ರತಿಬಿಂಬದ ಹೊಳಪನ್ನು ತಗ್ಗಿಸುವ ಪೋಲರೈಸರ್ ಫಿಲ್ಟರ್ ಗಾಜಿಗೆ ನೇರವಾಗಿ ನಿಂತಾಗ ಪ್ರಯೋಜನಕ್ಕೆ ಬಾರದು. ಗಾಜಿಗೆ ನೇರವಾದ ಆ ದಿಕ್ಕಿನಿಂದ ಸುಮಾರು 55 ಡಿಗ್ರಿ ಓರೆಯಾದಾಗಲೇ ಅದರ ಕೆಲಸ ಚೆನ್ನಾಗಿ ಕಾಣುವುದು. ಹದ ಹಾಕಿದ ಗಟ್ಟಿ ಗಾಜಿನ ಕಿಟಕಿಗಳಲ್ಲಿ ಇದೇ ಫಿಲ್ಟರ್ ಕಾಮನಬಿಲ್ಲಿನ ಬಣ್ಣದ ಕಲೆಗಳನ್ನೂ ತೋರಿಸುತ್ತದೆ, ಅದನ್ನು ದೋಷವೆಂದು ಬಿಡುವ ಮೊದಲು ಮಗುವಿಗೆ ಒಮ್ಮೆ ತೋರಿಸುವುದು ಮೇಲು.

ಕೃತಕ ದೀಪಗಳ ಕೆಳಗೆ ಚಿತ್ರದಲ್ಲಿ ಪಟ್ಟೆಗಳು ಬೀಳುವುದುಂಟು. ವಿದ್ಯುತ್ತಿನ ಆವರ್ತನ 50 ಹರ್ಟ್ಜ್ ಇರುವ ಕಡೆ ದೀಪ ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ 1/50 ಅಥವಾ 1/100, 60 ಹರ್ಟ್ಜ್ ಇರುವ ಕಡೆ 1/60 ಅಥವಾ 1/120 ಸೆಕೆಂಡಿನ ಶಟರ್ ಬಳಸಿದರೆ ಸಾಮಾನ್ಯವಾಗಿ ಪಟ್ಟೆಗಳು ಮಾಯವಾಗುತ್ತವೆ. ಫ್ಲ್ಯಾಶ್ ಬೇಡ, ಚಾಲಕರ ಕಣ್ಣು ಕುಕ್ಕುವುದು ಅಪಾಯಕರ. ಪ್ಲಾಟ್‌ಫಾರಮ್ಮಿನ ಅಂಚಿನ ಗೆರೆಯಿಂದ ಆಚೆಗೆ ಮಗುವನ್ನು ನಿಲ್ಲಿಸುವುದು ಯಾವ ಚಿತ್ರಕ್ಕಾಗಿಯೂ ಸಲ್ಲದು, ಮತ್ತು ಮಗುವಿನ ಮೇಲೆಯೇ ಕಣ್ಣಿಟ್ಟಿರುವ ಒಬ್ಬರು, ಕೈಯಲ್ಲಿ ಕ್ಯಾಮೆರಾ ಇಲ್ಲದವರು, ಸದಾ ಜೊತೆಗಿರಬೇಕು.

ಆಯ್ಕೆ ಮತ್ತು ಅಡಿಬರಹ

ಸರಣಿಯನ್ನು ಹೊರಟ ಊರಿನಿಂದ ತಲುಪಿದ ಊರಿನವರೆಗೆ ಕಥೆಯಂತೆ ಜೋಡಿಸುವ ಆಸೆ ಸಹಜ, ಆದರೆ ಪ್ಲಾಟ್‌ಫಾರಮ್ಮಿಗೆ ಜನ ಎರಡೂ ತುದಿಗಳಿಂದ ಇಳಿಯುತ್ತಾರೆ, ನಡುವಿನಲ್ಲೇ ರೈಲು ಹತ್ತಿಬಿಡುತ್ತಾರೆ. ಪ್ರತಿ ಚಿತ್ರವೂ ಒಂಟಿಯಾಗಿ ನಿಲ್ಲುವಂತಿರಬೇಕು. ಪುನರಾವರ್ತನೆಯಾಗುವ ಒಂದು ಆಕಾರವೋ ಬಣ್ಣವೋ ಅವುಗಳನ್ನು ಹೆಣೆದರೆ ಸಾಕು. ಅಂತಿಮ ಆಯ್ಕೆಯ ಮೇಜಿನ ಬಳಿ ಮಕ್ಕಳೂ ಇರಲಿ, ಅವರು ತಳ್ಳಿಹಾಕಿದ ಚಿತ್ರ ಎಷ್ಟೇ ಚೆಂದವಿದ್ದರೂ ಹೊರಗೇ ಉಳಿಯಲಿ. ಅಡಿಬರಹ ಚಿಕ್ಕದಾಗಿರಲಿ, ಮಗುವಿನ ಮಾತಿನಲ್ಲೇ ಇರಲಿ, ಸಾಧ್ಯವಾದರೆ ಮಗು ಮನೆಯಲ್ಲಿ ಆಡುವ ಭಾಷೆಯ ಲಿಪಿಯಲ್ಲೂ ಇರಲಿ. ಮೂರು ಮೀಟರ್ ದೂರದಿಂದ ಸಲೀಸಾಗಿ ಓದಬೇಕಾದರೆ ಅಕ್ಷರದ ಎತ್ತರ ಎರಡೂವರೆ ಸೆಂಟಿಮೀಟರಿನಷ್ಟಾದರೂ ಬೇಕು.

ಅಚ್ಚು

ದೊಡ್ಡ ಚಿತ್ರಕ್ಕೆ ದೊಡ್ಡ ಕ್ಯಾಮೆರಾವೇ ಬೇಕೆಂಬುದು ತಪ್ಪು ಗ್ರಹಿಕೆ. ಮೂರು ಮೀಟರ್ ದೂರದಿಂದ ಆರೋಗ್ಯವಂತ ಕಣ್ಣು ಬೇರ್ಪಡಿಸಿ ನೋಡಬಲ್ಲ ಅತಿ ಸಣ್ಣ ಅಂತರ ಸುಮಾರು 0.9 ಮಿಲಿಮೀಟರ್, ಅಂದರೆ ಅಂಗುಲಕ್ಕೆ 60 ಪಿಕ್ಸೆಲ್ ಇದ್ದರೆ ಬೇಕಾದಷ್ಟಾಯಿತು. ಆ ಲೆಕ್ಕದಲ್ಲಿ 4000 ಪಿಕ್ಸೆಲ್ ಅಗಲದ ಸಾಮಾನ್ಯ ಫೋನ್ ಚಿತ್ರವನ್ನು 1.7 ಮೀಟರಿನವರೆಗೂ, 6000 ಪಿಕ್ಸೆಲ್ಲಿನದನ್ನು 2.5 ಮೀಟರಿನವರೆಗೂ ಹಿಗ್ಗಿಸಬಹುದು. ಜನ ಮೈಗೆ ಮೈ ತಾಗುವಷ್ಟು ಹತ್ತಿರ ಹಾದುಹೋಗುವ ಓಣಿಗಳಲ್ಲಿ ಮಾತ್ರ ಅಂಗುಲಕ್ಕೆ 100ರ ಮೇಲೆ ಇರಲಿ.

ಲೈಟ್‌ಬಾಕ್ಸಿಗೆ ಮಾಮೂಲಿ ಕಾಗದ ಸಲ್ಲದು, ಹಿಂದಿನಿಂದ ಬೆಳಕು ಹಾಯುವ ಬ್ಯಾಕ್‌ಲಿಟ್ ಫಿಲಂ ಬೇಕು. ಅದರ ಮೇಲೆ ಶಾಯಿಯನ್ನು ಹೆಚ್ಚು ದಟ್ಟವಾಗಿ ಹಾಕಿಸದಿದ್ದರೆ ಕಪ್ಪು ಬಣ್ಣ ಬೂದುಬಣ್ಣವಾಗಿ, ಸಯನೋಟೈಪಿನ ನೀಲಿ ಸಪ್ಪೆಯಾಗಿ ಕಾಣುತ್ತದೆ. ಇಡೀ ಚಿತ್ರ ಅಚ್ಚಾಗುವ ಮೊದಲು ಕತ್ತಲು, ಚರ್ಮದ ಬಣ್ಣ, ಆಕಾಶ ಮೂರೂ ಇರುವ ಒಂದು ಪಟ್ಟಿಯನ್ನು ಅಚ್ಚು ಹಾಕಿಸಿ ಅದೇ ನಿಲ್ದಾಣದ ಅದೇ ಡಬ್ಬಿಯಲ್ಲಿಟ್ಟು ನೋಡಬೇಕು, ದೀಪ ಆರಿಸಿಯೂ ನೋಡಬೇಕು. ಭೂಗತ ನಿಲ್ದಾಣಗಳಲ್ಲಿ ಬಳಸುವ ಹಾಳೆ, ಅಂಟು, ಹೊದಿಕೆಗಳಿಗೆ ಬೆಂಕಿ ನಿರೋಧದ ಪ್ರಮಾಣಪತ್ರ ಕೇಳುತ್ತಾರೆ. 1987ರ ನವೆಂಬರಿನಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಮರದ ಎಸ್ಕಲೇಟರಿಗೆ ಹತ್ತಿದ ಬೆಂಕಿಯಲ್ಲಿ 31 ಜನ ಸತ್ತದ್ದನ್ನು ನೆನೆದರೆ ಈ ಕಟ್ಟುನಿಟ್ಟಿನ ಬಗ್ಗೆ ಗೊಣಗಲು ಮನಸ್ಸಾಗದು. ಗೀಚಿದ್ದನ್ನು ಒರೆಸಿ ತೆಗೆಯಬಹುದಾದ ಹೊದಿಕೆಯನ್ನೂ ಹಾಕಿಸಬೇಕು, ಅದು ಹೊಳಪಿನದಾಗಿರದೆ ಮಂದವಾಗಿರಬೇಕು. ಇಲ್ಲವಾದರೆ ಚಿತ್ರಕ್ಕಿಂತ ಎದುರಿನ ಟ್ಯೂಬ್‌ಲೈಟೇ ಎದ್ದು ಕಾಣುತ್ತದೆ.

ಚಿತ್ರಗಳನ್ನು ಇಳಿಸುವ ದಿನಾಂಕ, ಆಮೇಲೆ ಅವು ಯಾರ ಬಳಿ ಇರುತ್ತವೆ, ಮೂಲ ಫೈಲುಗಳನ್ನು ಯಾವಾಗ ಅಳಿಸಲಾಗುತ್ತದೆ ಎಂಬುದು ಒಪ್ಪಂದದಲ್ಲೇ ಬರೆದಿರಲಿ. ಬ್ಯಾಕ್‌ಲಿಟ್ ಹಾಳೆಗಳನ್ನು ಮನೆಯಲ್ಲಿಟ್ಟುಕೊಳ್ಳುವುದು ಕಷ್ಟವಾದ್ದರಿಂದ ಪ್ರತಿ ಮಗುವಿಗೂ ಅದರ ಚಿತ್ರದ ಚಿಕ್ಕ ಕಾಗದದ ಪ್ರತಿಯೊಂದನ್ನು ಮುಂಚೆಯೇ ಅಚ್ಚು ಹಾಕಿಸಿ ಕೊಡಬೇಕು. ಅಳತೆ ಚೀಲದಲ್ಲಿ ಮಡಚದೆ ಹಿಡಿಯುವಷ್ಟಿರಲಿ, ಏಕೆಂದರೆ ಆ ಕುಟುಂಬ ಮತ್ತೆ ಊರು ಬದಲಿಸಬೇಕಾಗಿ ಬರಬಹುದು.